ಓದುಗರ ಪ್ರಶ್ನೆಗೆ ಉತ್ತರ: ಆರ್‌ಸಿ ವಿಮಾನ ಹಾರಿಸಲು ಕಲಿಯುವವರಿಗೆ

ರೇಡಿಯೊ ನಿಯಂತ್ರಣದ ಮಾದರಿ ವಿಮಾನಗಳ ಬಗ್ಗೆ ಬಂದ ಪ್ರಶ್ನೆಗಳಿಗೇ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಕಾಗದಗಳನ್ನು ಒಟ್ಟು ಸೇರಿಸಿದ್ದೇವೆ. ಓದುತ್ತಾ ಹೋದಂತೆ ಒಂದು ಮಾತು ಎದ್ದು ಕಂಡಿತು: ಕಲಿಯುವವರ ವಿಮಾನ ಬಿದ್ದದ್ದಕ್ಕೆ ಕಾರಣ ಬಹುಪಾಲು ಪ್ರಕರಣಗಳಲ್ಲಿ ಆಕಾಶದಲ್ಲಿಲ್ಲ, ಹಾರಿಸುವುದಕ್ಕೆ ಮುಂಚೆ ನೆಲದ ಮೇಲೆಯೇ ಇತ್ತು.

ನನ್ನ ಮಗ ಒಂಬತ್ತನೇ ತರಗತಿ. ಆನ್‌ಲೈನ್‌ನಲ್ಲಿ ಫೈಟರ್ ಜೆಟ್ ಮಾದರಿ ನೋಡಿ ಅದೇ ಬೇಕೆಂದು ಹಟ ಹಿಡಿದಿದ್ದಾನೆ. ಮೊದಲಿಗೆ ಅದನ್ನೇ ಕೊಡಿಸಬಹುದೆ?
*ಒಬ್ಬ ತಂದೆ, ತುಮಕೂರು*

ಸದ್ಯಕ್ಕೆ ಬೇಡ. ಜೆಟ್ ಆಕಾರದ ಮಾದರಿಗೆ ರೆಕ್ಕೆ ಚಿಕ್ಕದು, ಅದಕ್ಕೆ ಹೋಲಿಸಿದರೆ ತೂಕ ಜಾಸ್ತಿ. ಗಾಳಿಯಲ್ಲಿ ನಿಲ್ಲಬೇಕಾದರೆ ಅದು ಜೋರಾಗಿ ಹೋಗುತ್ತಲೇ ಇರಬೇಕು. ಹೊಸಬರಿಗೆ ಯೋಚಿಸಲು ಒಂದೆರಡು ಸೆಕೆಂಡ್ ಬೇಕು, ಜೆಟ್ ಅಷ್ಟು ಹೊತ್ತು ಕಾಯುವುದಿಲ್ಲ. ಜೊತೆಗೆ, ತ್ರಿಕೋನದ ರೆಕ್ಕೆಯದು ನೂರು ಮೀಟರ್ ದಾಟಿತೆಂದರೆ ನಮ್ಮ ಕಡೆ ಬರುತ್ತಿದೆಯೋ ಆಚೆ ಹೋಗುತ್ತಿದೆಯೋ ಗೊತ್ತಾಗುವುದೇ ಕಷ್ಟ.

ಮೊದಲನೆಯದು ಹೈವಿಂಗ್ ಟ್ರೈನರ್ ಆಗಿರಲಿ. ಅಂದರೆ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದ್ದು, ಅದರ ಎರಡೂ ತುದಿ ತುಸು ಮೇಲಕ್ಕೆ ಎತ್ತಿರಬೇಕು. ಈ ಎತ್ತಿದ ಕೋನಕ್ಕೆ ಡೈಹೆಡ್ರಲ್ ಎನ್ನುತ್ತಾರೆ. ವಿಮಾನ ಒಂದು ಕಡೆಗೆ ವಾಲಿ ಜಾರತೊಡಗಿದಾಗ ಕೆಳಗಿಳಿದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗುತ್ತದೆ, ಆ ರೆಕ್ಕೆ ತಾನಾಗಿ ಮೇಲೇಳುತ್ತದೆ. ಗಾಬರಿಯಾದಾಗ ರಿಮೋಟ್‌ನ ಸ್ಟಿಕ್ (ಬೆರಳಲ್ಲಿ ಆಡಿಸುವ ಕಡ್ಡಿ) ಬಿಟ್ಟುಬಿಟ್ಟರೆ ಸಾಕು, ಅರ್ಧ ಕೆಲಸ ವಿಮಾನವೇ ಮಾಡಿಕೊಳ್ಳುತ್ತದೆ. ರೆಕ್ಕೆ ತುದಿಯಿಂದ ತುದಿಗೆ 1.1 ರಿಂದ 1.4 ಮೀಟರ್, ಬ್ಯಾಟರಿ ಸೇರಿ ತೂಕ 700 ರಿಂದ 1,200 ಗ್ರಾಂ ಇದ್ದರೆ ಚೆನ್ನ. ಮೈ ಇಪಿಒ ಎಂಬ, ಬೇಗ ಮುರಿಯದ ಫೋಮ್‌ನದ್ದಾಗಿರಲಿ. ಬಾಲ್ಸಾ ಮರದ ವಿಮಾನ ನೋಡಲು ಬಲು ಚಂದ, ಆದರೆ ಒಂದು ಸಲ ಬಿದ್ದರೆ ವಾರವಿಡೀ ರಿಪೇರಿ. ಹುಡುಗರ ಉತ್ಸಾಹ ಅಲ್ಲಿಗೇ ಮುಗಿಯುತ್ತದೆ.

ಒಂದು ವಸ್ತುವಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ: ರೇಡಿಯೊ, ಅಂದರೆ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಟ್ರಾನ್ಸ್‌ಮಿಟರ್. ಆಟಿಕೆಯ ರಿಮೋಟ್ ಬೇರೆ ವಿಮಾನಕ್ಕೆ ಆಗುವುದಿಲ್ಲ. 2.4 ಗಿಗಾಹರ್ಟ್ಸ್‌ನ, ಆರು ಭಾಗಗಳನ್ನು ಬೇರೆ ಬೇರೆಯಾಗಿ ನಡೆಸಬಲ್ಲ ಆರು ಚಾನೆಲ್ ಟ್ರಾನ್ಸ್‌ಮಿಟರ್ ತಂದರೆ ಮುಂದೆ ಐದಾರು ವಿಮಾನಗಳಿಗೆ ಅದೇ ಸಾಕು, ಮಗ ಆಸೆಪಟ್ಟ ಜೆಟ್ಟಿಗೂ ಅದೇ ಆಗುತ್ತದೆ. ಅದನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರ್ ಆಡಬಹುದು. ಪಿಕಾಸಿಮ್‌ನಂಥವು ಉಚಿತವಾಗಿಯೇ ಸಿಗುತ್ತವೆ. ಹೊಲಕ್ಕೆ ಹೋಗುವ ಮುಂಚೆ ಅದರಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಕೂರಿಸಿ. ಅಲ್ಲಿ ಬಿದ್ದರೆ ಒಂದು ಬಟನ್ ಒತ್ತಿದರಾಯಿತು.

ಸನ್‌ಪ್ಯಾಕ್ ಶೀಟ್ (ಒಳಗೆ ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆ) ತಂದು ಸ್ವಂತವಾಗಿ ವಿಮಾನ ಮಾಡಬೇಕೆಂದಿದ್ದೇವೆ. ಅಳತೆ ಎಷ್ಟಿರಬೇಕು, ಯಾವ ಮೋಟರ್, ಎಂಥ ಬ್ಯಾಟರಿ ಹಾಕಬೇಕು?
*ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಹುಬ್ಬಳ್ಳಿ*

ಒಳ್ಳೆಯ ಕೆಲಸ. ಕೈಯಾರೆ ಮಾಡಿದವರಿಗೆ ರಿಪೇರಿಯ ಹೆದರಿಕೆ ಇರುವುದಿಲ್ಲ. ಮೊದಲು ಅಳತೆ: ರೆಕ್ಕೆ 120 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ಬಾಲದ ಅಡ್ಡ ಪಟ್ಟಿ 45 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ, ಅಂದರೆ ರೆಕ್ಕೆಯ ವಿಸ್ತೀರ್ಣದ ಸುಮಾರು ಶೇ. 22. ರೆಕ್ಕೆಯ ಹಿಂದಿನ ಅಂಚಿನಿಂದ ಬಾಲದ ಮುಂದಿನ ಅಂಚಿಗೆ 45 ರಿಂದ 50 ಸೆಂ.ಮೀ. ಬಿಡಿ. ರೆಕ್ಕೆಯ ಮುಂದಕ್ಕೆ ಮೂತಿ 20 ರಿಂದ 25 ಸೆಂ.ಮೀ. ಚಾಚಿರಲಿ. ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಇಲ್ಲದೆ ರಡ್ಡರ್‌ನಿಂದಲೇ (ಬಾಲದ ನೆಟ್ಟನೆಯ ಹಲಗೆಯ ಆಡುವ ಭಾಗ) ತಿರುಗಿಸುವುದಾದರೆ ರೆಕ್ಕೆಯ ತುದಿಗಳನ್ನು ತಲಾ 5-6 ಸೆಂ.ಮೀ. ಎತ್ತರಿಸಿ, ಏಲೆರಾನ್ ಇದ್ದರೆ 2-3 ಸಾಕು.

ಈ ಗಾತ್ರಕ್ಕೆ 2212 ಅಳತೆಯ 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಸುಮಾರು 1000 ಸುತ್ತು) ಬ್ರಷ್‌ಲೆಸ್ ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 10×4.5 ಇಂಚಿನ ಪ್ರೊಪೆಲ್ಲರ್, 3ಎಸ್ (ಮೂರು ಸೆಲ್‌ನ) 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಆಡುವ ಹಲಗೆಗಳನ್ನು ತಿರುಗಿಸಲು ನಾಲ್ಕು 9 ಗ್ರಾಂ ಸರ್ವೊ ಸರಿಹೊಂದುತ್ತವೆ. ಈ ಜೋಡಿ ಸುಮಾರು 800 ಗ್ರಾಂ ಎಳೆತ ಕೊಡುತ್ತದೆ. ಟ್ರೈನರ್‌ಗೆ ತನ್ನ ತೂಕದ ಅರ್ಧಕ್ಕಿಂತ ಹೆಚ್ಚು ಎಳೆತವಿದ್ದರೆ ಸಾಕಾದ್ದರಿಂದ, ಎಲ್ಲ ಸೇರಿ 900 ಗ್ರಾಂ ಒಳಗೆ ತಂದರೆ ಆರಾಮವಾಗಿ ಏರುತ್ತದೆ.

ಸನ್‌ಪ್ಯಾಕ್ ಗಟ್ಟಿ, ಆದರೆ ಭಾರ. ಒಡಲಿಗೆ ಮಾತ್ರ ಅದನ್ನು ಬಳಸಿ, ರೆಕ್ಕೆ ಮತ್ತು ಬಾಲಕ್ಕೆ ಸ್ಟೇಷನರಿ ಅಂಗಡಿಯ 5 ಮಿ.ಮೀ. ಫೋಮ್ ಬೋರ್ಡ್ ಹಾಕುವುದು ಮೇಲು. ಶೀಟ್ ಕತ್ತರಿಸುವಾಗ ಒಳಗಿನ ಕೊಳವೆಗಳು ಒಡಲಿನ ಉದ್ದಕ್ಕೆ ಸಾಗುವಂತಿರಲಿ. ಅಡ್ಡಕ್ಕೆ ಬಂದರೆ ಆ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಇದು ಪಾಲಿಪ್ರೊಪಿಲೀನ್, ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ ಕಾಂಟ್ಯಾಕ್ಟ್ ಅಂಟು ಬಳಿಯಿರಿ, ಮೇಲೆ ಕೇಬಲ್ ಟೈ ಬಿಗಿಯಿರಿ. ರೆಕ್ಕೆಯನ್ನು ಒಡಲಿಗೆ ಅಂಟಿಸಲೇಬೇಡಿ. ಎರಡು ಬಿದಿರು ಕಡ್ಡಿ ತೂರಿಸಿ ಆರೆಂಟು ರಬ್ಬರ್ ಬ್ಯಾಂಡ್‌ಗಳಿಂದ ಕಟ್ಟಿ. ನೆಲಕ್ಕೆ ಬಡಿದಾಗ ರೆಕ್ಕೆ ಜಾರಿ ಪಕ್ಕಕ್ಕೆ ಸರಿಯುತ್ತದೆ, ಮುರಿಯುವುದಿಲ್ಲ.

ಇನ್ನು ಮೂರು ಸಣ್ಣ ವಿಷಯ. ಪ್ರೊಪೆಲ್ಲರ್ ಮೇಲಿನ ಅಕ್ಷರಗಳು ವಿಮಾನ ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು, ತಿರುವುಮುರುವಾದರೆ ಮೋಟರ್ ಸದ್ದು ಮಾಡುತ್ತದೆ, ಎಳೆತ ಮಾತ್ರ ತೀರ ಕಡಿಮೆಯಾಗುತ್ತದೆ. ಮೋಟರ್ ಹಿಮ್ಮುಖ ತಿರುಗಿದರೆ ಅದರ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಮೋಟರನ್ನು ನೆಟ್ಟಗೆ ಕೂರಿಸದೆ, ವಾಷರ್ ಕೊಟ್ಟು ಎರಡು ಮೂರು ಡಿಗ್ರಿ ಬಲಕ್ಕೂ ಕೆಳಕ್ಕೂ ತಿರುಗಿಸಿ. ಪ್ರೊಪೆಲ್ಲರ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ವಾಲುವುದನ್ನೂ, ಥ್ರಾಟಲ್ (ಮೋಟರಿನ ವೇಗ) ಏರಿಸಿದೊಡನೆ ಮೂತಿ ಎತ್ತುವುದನ್ನೂ ಇದು ತಡೆಯುತ್ತದೆ.

ಕೈಯಿಂದ ಎಸೆದ ತಕ್ಷಣ ವಿಮಾನ ಮೂತಿ ಮೇಲೆತ್ತಿ, ಒಂದು ಕ್ಷಣ ನಿಂತು, ಒಂದು ರೆಕ್ಕೆಯ ಮೇಲೆ ಮಗುಚಿ ಬೀಳುತ್ತದೆ. ಮೂರು ಸಲವೂ ಹೀಗೇ ಆಯಿತು. ಮೋಟರ್ ಶಕ್ತಿ ಸಾಲದೆ?
*ಓದುಗರು, ಶಿವಮೊಗ್ಗ*

ಮೋಟರ್ ದೂರಬೇಡಿ. ನೀವು ಬರೆದ ಲಕ್ಷಣಗಳು ಬಾಲ ಭಾರವಾದ ವಿಮಾನದ್ದು, ಅಂದರೆ ಗುರುತ್ವ ಕೇಂದ್ರ ಹಿಂದಕ್ಕೆ ಹೋಗಿದೆ. ಹಾರಿಸುವವರು ಸಿಜಿ ಎನ್ನುವುದು ಇದನ್ನೇ. ಕಲಿಯುವವರು ಒಂದೇ ಒಂದು ವಿಷಯ ಸರಿಯಾಗಿ ತಿಳಿಯಬೇಕೆಂದರೆ ಅದು ಇದು.

ರೆಕ್ಕೆ ನೇರ ಪಟ್ಟಿಯಂತಿದ್ದರೆ, ಅದರ ಮುಂದಿನ ಅಂಚಿನಿಂದ ಅಗಲದ ಶೇ. 25 ರಿಂದ 33ರ ನಡುವೆ ಸಿಜಿ ಇರಬೇಕು. 20 ಸೆಂ.ಮೀ. ಅಗಲದ ರೆಕ್ಕೆಗೆ ಇದು 5 ರಿಂದ 6.6 ಸೆಂ.ಮೀ. ಮೊದಲ ಹಾರಾಟಕ್ಕೆ 5ರ ಹತ್ತಿರವೇ ಇಟ್ಟುಕೊಳ್ಳಿ. ನೋಡುವುದು ಹೀಗೆ: ರೆಕ್ಕೆಯ ಅಡಿಯಲ್ಲಿ, ಒಡಲಿನ ಎರಡೂ ಬದಿಗೆ, ಮುಂದಿನ ಅಂಚಿನಿಂದ 5 ಸೆಂ.ಮೀ. ಅಳೆದು ಪೆನ್ನಿನಿಂದ ಗೆರೆ ಹಾಕಿ. ಬ್ಯಾಟರಿ, ಪ್ರೊಪೆಲ್ಲರ್ ಎಲ್ಲ ಹಾಕಿ, ಹಾರಾಟಕ್ಕೆ ಸಿದ್ಧವಿರುವಂತೆಯೇ ಇರಲಿ. ಫ್ಯಾನ್ ಆರಿಸಿ. ಎರಡೂ ತೋರುಬೆರಳ ತುದಿಯನ್ನು ಆ ಗೆರೆಗಳಿಗೆ ಕೊಟ್ಟು ಮೆಲ್ಲನೆ ಎತ್ತಿ. ಮಟ್ಟವಾಗಿ ನಿಂತರೆ ಅಥವಾ ಮೂತಿ ಕೂದಲೆಳೆಯಷ್ಟು ಕೆಳಗಾದರೆ ಸರಿ. ಬಾಲ ಜೋಲಿದರೆ ಆ ವಿಮಾನವನ್ನು ಎಸೆಯಬೇಡಿ.

ಸರಿಪಡಿಸಲು ಸೀಸ ತರುವ ಮೊದಲು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿ. ಲೆಕ್ಕ ಸುಲಭ. ವಿಮಾನ 900 ಗ್ರಾಂ, ಸಿಜಿ 1 ಸೆಂ.ಮೀ. ಹಿಂದಿದೆ, ಬ್ಯಾಟರಿ 180 ಗ್ರಾಂ ಎಂದುಕೊಳ್ಳಿ. 900ನ್ನು 180ರಿಂದ ಭಾಗಿಸಿದರೆ 5. ಬ್ಯಾಟರಿ 5 ಸೆಂ.ಮೀ. ಮುಂದೆ ಹೋದರೆ ಸಿಜಿ ಜಾಗಕ್ಕೆ ಬರುತ್ತದೆ. ಜಾಗ ಸಿಕ್ಕಿದ ಮೇಲೆ ಬ್ಯಾಟರಿಯ ಗಡಿಯನ್ನು ಮಾರ್ಕರ್‌ನಿಂದ ಗುರುತಿಸಿ ವೆಲ್ಕ್ರೊ ಮತ್ತು ಪಟ್ಟಿಯಿಂದ ಬಿಗಿಯಿರಿ. ಏರುವಾಗ ಬ್ಯಾಟರಿ ಹಿಂದಕ್ಕೆ ಜಾರಿದರೂ ನೀವು ಬರೆದಂಥದ್ದೇ ಆಗುತ್ತದೆ.

ಮೂತಿ ಭಾರವಾದರೆ ವಿಮಾನ ಮಂದವಾಗಿ ಹಾರುತ್ತದೆ, ಇಳಿಸುವಾಗ ಎಲಿವೇಟರ್ (ಮೂತಿ ಏರಿಸಿ ಇಳಿಸುವ, ಬಾಲದ ಅಡ್ಡ ಹಲಗೆಯ ಆಡುವ ಭಾಗ) ಹೆಚ್ಚು ಎಳೆಯಬೇಕಾಗುತ್ತದೆ, ಅಷ್ಟೆ. ಬಾಲ ಭಾರವಾದರೆ ಹಾಗಲ್ಲ, ಸ್ಟಿಕ್ ಮುಟ್ಟಿದರೆ ಸಾಕು ಅದು ನಿಮ್ಮ ಮಾತು ಮೀರುತ್ತದೆ. ಮೂತಿ ಎತ್ತಿ ವೇಗ ಕಳೆದುಕೊಂಡ ರೆಕ್ಕೆಯ ಮೇಲೆ ಗಾಳಿ ಅಂಟಿ ಹರಿಯುವುದು ನಿಲ್ಲುತ್ತದೆ. ಇದೇ ಸ್ಟಾಲ್. ಎರಡು ರೆಕ್ಕೆಗಳೂ ಒಟ್ಟಿಗೆ ಸೋಲುವುದು ಅಪರೂಪ, ಮೊದಲು ಸೋತ ಕಡೆಗೆ ವಿಮಾನ ಮಗುಚುತ್ತದೆ.

ಎಲಿವೇಟರ್ ಎಷ್ಟು ಆಡುತ್ತದೆಂಬುದನ್ನೂ ನೋಡಿ. ಈ ಗಾತ್ರಕ್ಕೆ ಮೇಲಕ್ಕೆ 10-12 ಮಿ.ಮೀ., ಕೆಳಕ್ಕೆ ಅಷ್ಟೇ ಸಾಕು. ಏಲೆರಾನ್‌ಗೆ 10, ರಡ್ಡರ್‌ಗೆ 20. ರೇಡಿಯೊದಲ್ಲಿ ಎಕ್ಸ್‌ಪೊ ಎಂಬ ಆಯ್ಕೆಯನ್ನು ಶೇ. 30 ಕೊಟ್ಟರೆ, ಸ್ಟಿಕ್ ನಡುವಿನಲ್ಲಿ ತುಸು ಆಡಿಸಿದಾಗ ವಿಮಾನ ಮೃದುವಾಗಿ ಸ್ಪಂದಿಸುತ್ತದೆ. ಎಸೆಯುವಾಗ ಗಾಳಿಗೆ ಎದುರಾಗಿ, ಮುಕ್ಕಾಲು ಥ್ರಾಟಲ್‌ನಲ್ಲಿ, ಈಟಿ ಎಸೆದಂತೆ ಮಟ್ಟವಾಗಿ ಬಿಡಿ. ಆಕಾಶಕ್ಕೆ ಕಲ್ಲು ಬೀರಿದಂತೆ ಮೇಲಕ್ಕೆ ಎಸೆದರೆ ಎಷ್ಟು ಸರಿಯಾದ ವಿಮಾನವೂ ಸ್ಟಾಲ್ ಆಗುತ್ತದೆ. ಮೊದಲ ಕೆಲವು ಸಲ ಎಸೆಯಲು ಇನ್ನೊಬ್ಬರಿರಲಿ, ನಿಮ್ಮ ಎರಡೂ ಕೈ ರೇಡಿಯೊ ಮೇಲಿರಲಿ.

ಸರ್ವೊ ಬದಲಿಸಿದ ಮೇಲೆ ಮೊದಲ ಹಾರಾಟ. ಬಲಕ್ಕೆ ಕೊಟ್ಟರೆ ಎಡಕ್ಕೆ ಹೋಗಿ ಮರಕ್ಕೆ ಬಡಿಯಿತು. ರೇಡಿಯೊ ಕೆಟ್ಟಿದೆಯೆ?
*ಓದುಗರು, ಮೈಸೂರು*

ರೇಡಿಯೊ ಕೆಟ್ಟಿಲ್ಲ, ಏಲೆರಾನ್ ತಿರುವುಮುರುವಾಗಿದೆ. ಹೊಸ ಸರ್ವೊ ಹಳೆಯದರ ವಿರುದ್ಧ ದಿಕ್ಕಿಗೆ ತಿರುಗುವಂತೆ ಕೂತರೆ ಹೀಗಾಗುತ್ತದೆ. ರೇಡಿಯೊದ ರಿವರ್ಸ್ ಮೆನುವಿನಲ್ಲಿ ಆ ಚಾನೆಲ್ ಬದಲಿಸಿದರೆ ಮುಗಿಯಿತು.

ಪ್ರತಿ ಸಲ ಹೊಲದಲ್ಲಿ ವಿಮಾನದ ಹಿಂದೆ ನಿಂತು ಪರೀಕ್ಷಿಸಿ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಏಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಎಲಿವೇಟರ್ ಸ್ಟಿಕ್ ನಿಮ್ಮ ಕಡೆ ಎಳೆದರೆ ಬಾಲದ ಹಲಗೆ ಮೇಲೇಳಬೇಕು. ರಡ್ಡರ್ ಬಲಕ್ಕೆ ಕೊಟ್ಟರೆ ಬಲಕ್ಕೇ ಹೊರಳಬೇಕು. 'ಆಡುತ್ತಿದೆ' ಎಂದು ನೋಡಿ ಸುಮ್ಮನಾಗಬೇಡಿ, 'ಯಾವ ಕಡೆಗೆ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.

ವಿಮಾನ ಆಚೆ ಹೋಗುವಾಗ ಸುಲಭ. ನನ್ನ ಕಡೆ ತಿರುಗಿದ ಕೂಡಲೇ ಎಡ ಬಲ ಗೊಂದಲವಾಗಿ ಬೀಳಿಸುತ್ತೇನೆ. ಉಪಾಯವೇನಾದರೂ ಇದೆಯೆ?
*ಓದುಗರು, ಉಡುಪಿ*

ಇದೆ. ವಿಮಾನ ನಿಮ್ಮತ್ತ ಬರುವಾಗ ಎಡ ಬಲದ ಯೋಚನೆಯನ್ನೇ ಬಿಡಿ. ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿ, ಬೀಳುತ್ತಿರುವ ರೆಕ್ಕೆಯ ಕೆಳಗೆ ಊರುಗೋಲು ಕೊಟ್ಟಂತೆ. ರೆಕ್ಕೆ ಮೇಲೇಳುತ್ತದೆ. ಒಂದೆರಡು ವಾರದಲ್ಲಿ ಇದು ಕೈಗೆ ಬರುತ್ತದೆ. ಆಮೇಲೆ ಉಪಾಯವೂ ಬೇಕಿಲ್ಲ.

ಇನ್ನೊಂದು ದಾರಿ, ವಿಮಾನ ಹೋಗುವ ದಿಕ್ಕಿಗೆ ಮೈ ತಿರುಗಿಸಿ ನಿಂತು, ಭುಜದ ಮೇಲಿಂದ ಹಿಂದಿರುಗಿ ನೋಡುತ್ತಾ ಹಾರಿಸುವುದು. ಆಗ ನಿಮ್ಮ ಎಡವೇ ಅದರ ಎಡ. ಮೊದಲ ದಿನಗಳಿಗೆ ಪರವಾಗಿಲ್ಲ, ಚಟ ಮಾಡಿಕೊಳ್ಳಬೇಡಿ.

ಅಭ್ಯಾಸಕ್ಕೆ ಕ್ರಮವಿದೆ. ಮೊದಲ ಹಾರಾಟಗಳಲ್ಲಿ 30-40 ಮೀಟರ್ ಎತ್ತರದಲ್ಲಿ, ಅರ್ಧ ಥ್ರಾಟಲ್‌ನಲ್ಲಿ, ನಿಮ್ಮ ಮುಂದೆ ಉದ್ದನೆಯ ಸುತ್ತು ಹೊಡೆಯಿರಿ. ಎಡಸುತ್ತು ಹಿಡಿತಕ್ಕೆ ಬಂದ ಮೇಲೆ ಬಲಸುತ್ತು. ಅನೇಕರು ಒಂದೇ ದಿಕ್ಕಿಗೆ ಒಗ್ಗಿಕೊಂಡು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತಾರೆ. ಆಮೇಲೆ ಎಂಟರ ಆಕಾರ. ತಿರುಗಿಸುವಾಗ ಸ್ಟಿಕ್ ಹಿಡಿದುಕೊಂಡೇ ಇರಬೇಡಿ: ಸ್ವಲ್ಪ ವಾಲಿಸಿ, ಸ್ಟಿಕ್ ನಡುವಿಗೆ ಬಿಡಿ, ಎಲಿವೇಟರ್ ತುಸು ಎಳೆಯಿರಿ, ತಿರುವು ಮುಗಿಯುವಾಗ ಎದುರು ದಿಕ್ಕಿಗೆ ಕೊಟ್ಟು ಮಟ್ಟ ಮಾಡಿ. ಕಲಿಯುವವರ ದೋಷ ಬಹುಪಾಲು ಕಡಿಮೆ ಕೊಡುವುದಲ್ಲ, ಅತಿಯಾಗಿ ಕೊಡುವುದು. ಐದಾರು ಹಾರಾಟಗಳಾದ ಮೇಲೆ 50 ಮೀಟರ್ ಮೇಲೆ ಥ್ರಾಟಲ್ ಇಳಿಸಿ, ಬೇಕೆಂದೇ ಎಲಿವೇಟರ್ ಎಳೆದು ಸ್ಟಾಲ್ ಮಾಡಿ ನೋಡಿ. ಎಲಿವೇಟರ್ ಬಿಟ್ಟು ಮೂತಿ ಇಳಿಯಗೊಟ್ಟರೆ ವೇಗ ಬಂದು ವಿಮಾನ ಸರಿಹೋಗುವುದನ್ನು ಕಣ್ಣಾರೆ ಕಾಣುತ್ತೀರಿ. ಇದನ್ನು ಮೇಲೆ ಕಂಡವರಿಗೆ ಕೆಳಗೆ ಗಾಬರಿಯಾಗುವುದಿಲ್ಲ.

ಹಾರಿಸುವುದು ಬಂದಿದೆ, ಇಳಿಸುವಾಗ ಪ್ರತಿ ಸಲ ಪ್ರೊಪೆಲ್ಲರ್ ಮುರಿಯುತ್ತದೆ.
*ಕಾಲೇಜು ಉಪನ್ಯಾಸಕರು, ಹಾಸನ*

ಬಹುಶಃ ನೀವು ನೆಲ ಹತ್ತಿರವಾದಾಗ ಹೆದರಿ ಎಲಿವೇಟರ್ ಎಳೆಯುತ್ತಿದ್ದೀರಿ. ವೇಗವಿಲ್ಲದ ವಿಮಾನ ಮೂತಿ ಎತ್ತಿ, ಎರಡು ಮೀಟರ್ ಮೇಲೆ ಸ್ಟಾಲ್ ಆಗಿ, ಮೂತಿ ಮುಂದಾಗಿ ಬೀಳುತ್ತದೆ. ಇಳಿಸುವಾಗ ಎತ್ತರ ಹೆಚ್ಚು ಕಡಿಮೆ ಮಾಡುವುದು ಥ್ರಾಟಲ್, ವೇಗ ಹಿಡಿದಿಡುವುದು ಎಲಿವೇಟರ್. ಬೇಗ ಇಳಿಯುತ್ತಿದ್ದರೆ ಎಲಿವೇಟರ್ ಎಳೆಯದೆ ಥ್ರಾಟಲ್ ಸ್ವಲ್ಪ ಏರಿಸಿ.

ಗಾಳಿಗೆ ಎದುರಾಗಿ, ಕೊನೆಯ 60-70 ಮೀಟರ್ ನೇರವಾಗಿ, ರೆಕ್ಕೆ ಮಟ್ಟವಾಗಿ ಬನ್ನಿ. ಮೊಣಕಾಲೆತ್ತರಕ್ಕೆ ಬಂದಾಗ ಥ್ರಾಟಲ್ ಪೂರ್ತಿ ಮುಚ್ಚಿ, ಆಗ ಮಾತ್ರ ಎಲಿವೇಟರ್ ಒಂಚೂರು ಎಳೆಯುತ್ತಾ ಬನ್ನಿ. ಮುಂದಿನ ಎರಡು ಬ್ಯಾಟರಿಯನ್ನು ಇಳಿಯದೆಯೇ ಖರ್ಚು ಮಾಡಿ: ಇಳಿಯುವಂತೆ ಬಂದು, ತಲೆಯೆತ್ತರದಲ್ಲಿ ಥ್ರಾಟಲ್ ಕೊಟ್ಟು ಮತ್ತೆ ಏರಿ. ಹತ್ತು ಸಲ ಹೀಗೆ ಬಂದರೆ ಹನ್ನೊಂದನೆಯದು ತಾನಾಗಿ ಕೂರುತ್ತದೆ. ಹುಲ್ಲಿನಲ್ಲಿ ಇಳಿಸುವುದಾದರೆ ಚಕ್ರ ತೆಗೆದುಬಿಡಿ, ಹೊಟ್ಟೆಯ ಮೇಲೆ ಜಾರುವುದು ಫೋಮ್ ವಿಮಾನಕ್ಕೆ ಸಲೀಸು.

ಲಿಪೊ ಬ್ಯಾಟರಿ ದಿಂಬಿನಂತೆ ಉಬ್ಬಿದೆ, ಆದರೂ ಚಾರ್ಜ್ ಆಗುತ್ತದೆ. ಬಳಸಬಹುದೆ? ಎಷ್ಟು ನಿಮಿಷ ಹಾರಿಸಬೇಕು?
*ಓದುಗರು, ಬಳ್ಳಾರಿ*

ಬಳಸಬೇಡಿ, ಇನ್ನೊಮ್ಮೆ ಚಾರ್ಜಿಗೂ ಹಾಕಬೇಡಿ. ಒಳಗಿನ ರಾಸಾಯನಿಕ ಒಡೆದು ಅನಿಲವಾಗಿ ತುಂಬಿಕೊಂಡಿದೆ. ಚುಚ್ಚಿ ಗಾಳಿ ತೆಗೆಯುವ ಯೋಚನೆ ಬಂದಿದ್ದರೆ ಖಂಡಿತ ಕೈಬಿಡಿ, ಹತ್ತಿ ಉರಿಯುತ್ತದೆ. ಬಯಲಿನಲ್ಲಿ, ಮರಳು ತುಂಬಿದ ಮಣ್ಣಿನ ಕುಂಡದಲ್ಲಿಟ್ಟು, 12 ವೋಲ್ಟ್ 21 ವ್ಯಾಟ್‌ನ ವಾಹನದ ಬ್ರೇಕ್ ಬಲ್ಬ್ ಜೋಡಿಸಿ. ತುಂಬಿದ 2200 ಎಂಎಎಚ್ ಬ್ಯಾಟರಿ ಒಂದೂವರೆ ಗಂಟೆಯ ಸುಮಾರಿಗೆ ಬರಿದಾಗುತ್ತದೆ. ಬಲ್ಬ್ ಆರಿದ ಮೇಲೂ ರಾತ್ರಿಯಿಡೀ ಬಿಟ್ಟು, ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಮುಂದಿನ ಬ್ಯಾಟರಿ ಉಬ್ಬದಿರಲು ಈ ಅಂಕಿಗಳು ನೆನಪಿರಲಿ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್, ಹಾರಿಸಿ ಇಳಿಸಿದ ಮೇಲೆ 3.7ರ ಆಸುಪಾಸು ಉಳಿದಿರಬೇಕು, 3ಕ್ಕಿಂತ ಕೆಳಗಿಳಿದರೆ ಸೆಲ್ ಹಾಳು. ಎರಡು ಮೂರು ದಿನಕ್ಕಿಂತ ಹೆಚ್ಚು ಹಾರಿಸದಿದ್ದರೆ ಚಾರ್ಜರ್‌ನ ಸ್ಟೋರೇಜ್ ಆಯ್ಕೆಯಲ್ಲಿ 3.8ಕ್ಕೆ ತಂದಿಡಿ. ಭಾನುವಾರ ಮಳೆ ಬಂತೆಂದು ತುಂಬಿದ ಬ್ಯಾಟರಿಯನ್ನು ಮುಂದಿನ ಭಾನುವಾರದವರೆಗೆ ಹಾಗೇ ಇಡುವುದು, ನಿಮ್ಮ ಊರಿನ ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಡುವುದು, ಇವೆರಡೂ ಉಬ್ಬಲು ಸಾಕು. ಚಾರ್ಜ್ 1ಸಿ, ಅಂದರೆ 2200ಕ್ಕೆ 2.2 ಆಂಪಿಯರ್, ಸೆಲ್‌ಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿಯೇ. ಚಾರ್ಜ್ ಆಗುವಾಗ ಪಕ್ಕದಲ್ಲಿ ನೀವಿರಬೇಕು, ಮಲಗುವ ಕೋಣೆಯಂತೂ ಬೇಡವೇ ಬೇಡ.

ಹಾರಾಟದ ಸಮಯ: ಬ್ಯಾಟರಿಯ ಶೇ. 80 ಮಾತ್ರ ಬಳಸಿ. 2200ರಲ್ಲಿ ಅದು 1.76 ಆಂಪಿಯರ್ ಗಂಟೆ. ಸರಾಸರಿ 10 ಆಂಪಿಯರ್ ಎಳೆದರೆ ಸುಮಾರು ಹತ್ತೂವರೆ ನಿಮಿಷ. ಹೊಸಬರು ರೇಡಿಯೊದ ಟೈಮರ್ 6ಕ್ಕೆ ಇಡಿ. ಎರಡು ಮೂರು ಸಲ ಇಳಿಯಲು ಪ್ರಯತ್ನಿಸುವಷ್ಟು ಶಕ್ತಿ ಉಳಿದಿರಬೇಕು.

ಗಾಳಿ ಎಷ್ಟಿದ್ದರೆ ಹಾರಿಸಬಹುದು? ಜಾಗ ಎಂಥದ್ದಿರಬೇಕು?
*ಓದುಗರು, ವಿಜಯಪುರ*

ಟ್ರೈನರ್ ಗಂಟೆಗೆ 30-40 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಗಾಳಿಯೇ 20 ಇದ್ದರೆ ಎದುರು ಹೋಗುವಾಗ ತೆವಳುತ್ತದೆ, ಹಿಂದಿರುಗುವಾಗ ಕಣ್ಣಳತೆ ಮೀರಿ ಓಡುತ್ತದೆ. 10 ಕಿ.ಮೀ. ಒಳಗಿರಲಿ: ಎಲೆ ಅಲ್ಲಾಡಬೇಕು, ಕೊಂಬೆ ಅಲ್ಲಾಡಬಾರದು. ಬೆಳಿಗ್ಗೆ 6 ರಿಂದ 8 ಗಂಟೆಯೊಳಗೆ ಮುಗಿಸುವುದು ಉತ್ತಮ, ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಕುಲುಕುತ್ತದೆ. ಆಷಾಢದ ಗಾಳಿ ಪಟ ಹಾರಿಸುವವರಿಗೆ ಇರಲಿ, ಕಲಿಯುವವರ ವಿಮಾನಕ್ಕೆ ಅದು ಆಗಿಬರುವುದಿಲ್ಲ.

ಜಾಗ ಕನಿಷ್ಠ 100 ಮೀಟರ್ ಉದ್ದಗಲ, ಅದರಾಚೆಯೂ ಬಯಲೇ ಇದ್ದರೆ ಒಳ್ಳೆಯದು. ಸುಗ್ಗಿ ಮುಗಿದ ಹೊಲ, ಬತ್ತಿದ ಕೆರೆಯಂಗಳ ಹೇಳಿ ಮಾಡಿಸಿದಂತಿರುತ್ತವೆ, ಹೊಲದವರನ್ನು ಕೇಳಿಯೇ ಹೋಗಿ. ವಿದ್ಯುತ್ ತಂತಿ, ರಸ್ತೆ, ದನ ಮೇಯುವ ಜಾಗ ಬೇಡ. ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಿ ಎಷ್ಟೇ ಜಾಗವಿದ್ದರೂ ಬೇಡ: ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪ್ರೊಪೆಲ್ಲರ್ ಬೆರಳನ್ನು ಮೂಳೆಯವರೆಗೆ ಕೊಯ್ಯಬಲ್ಲದು. ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಹದ್ದು ಹತ್ತಿರ ಸುಳಿಯತೊಡಗಿದರೆ ಇಳಿಸಿ ಕಾಲು ಗಂಟೆ ಕಾಯಿರಿ, ಗೂಡು ಕಟ್ಟುವ ಕಾಲದಲ್ಲಿ ಅವು ಎರಗುವುದುಂಟು.

ಬೆಂಗಳೂರಿನಲ್ಲಿ ಹಾರಿಸಲು ಅನುಮತಿ ಬೇಕೆ?
*ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು*

ಮಾದರಿ ವಿಮಾನಗಳೂ 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ. 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ನ್ಯಾನೊಗೂ, ವಾಣಿಜ್ಯ ಉದ್ದೇಶವಿಲ್ಲದ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹವ್ಯಾಸಕ್ಕೋ ಕಲಿಕೆಗೋ ಕಣ್ಣಳತೆಯಲ್ಲಿ ಹಾರಿಸುವ ಮಾದರಿಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಅರ್ಹತಾ ಪತ್ರ) ಕೂಡ ಬೇಡ. ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕೆಂಬ ನಿಯಮವಿದೆ.

ಮುಖ್ಯವಾದದ್ದು ಜಾಗ. ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿ. ಹಳದಿಗೆ ವಾಯು ಸಂಚಾರ ನಿಯಂತ್ರಣದ ಅನುಮತಿ, ಕೆಂಪಿಗೆ ಕೇಂದ್ರ ಸರ್ಕಾರದ್ದು. ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಇಷ್ಟೂ ಇರುವ ನಗರದಲ್ಲಿ ಮನೆ ಹತ್ತಿರದ ಖಾಲಿ ಸೈಟ್ ಸುರಕ್ಷಿತವೆಂದು ಊಹಿಸಬೇಡಿ. ನಕ್ಷೆ ತೆರೆದು, ಹಸಿರು ಇರುವಲ್ಲಿಗೆ ಊರಾಚೆ ಹೋಗಿ. ಜಕ್ಕೂರಿನಲ್ಲಿ ತರಬೇತಿ ವಿಮಾನಗಳು ತೀರ ಕೆಳಮಟ್ಟದಲ್ಲಿ ಹಾರುತ್ತವೆ, ಅವುಗಳಲ್ಲಿ ಮನುಷ್ಯರಿದ್ದಾರೆ.

ಗೈರೊ (ವಿಮಾನ ವಾಲದಂತೆ ತಾನೇ ಸರಿಪಡಿಸುವ ಸಾಧನ) ಇರುವ ವಿಮಾನ ತೆಗೆದುಕೊಂಡರೆ ಕಲಿಯುವುದು ಬೇಗವಾಗುತ್ತದೆಯೆ?
*ಓದುಗರು, ದಾವಣಗೆರೆ*

ಬೀಳುವುದು ಕಡಿಮೆಯಾಗುತ್ತದೆ, ಆದ್ದರಿಂದ ತೆಗೆದುಕೊಳ್ಳಬಹುದು. ಆದರೆ ಸ್ಟಿಕ್ ಬಿಟ್ಟೊಡನೆ ಮಟ್ಟಮಾಡುವ ಆಯ್ಕೆಯಲ್ಲಿಯೇ ತಿಂಗಳು ಕಳೆದರೆ ಕೈ ಕಲಿಯುವುದಿಲ್ಲ. ಮೊದಲ ಹತ್ತು ಹಾರಾಟ ಅದರಲ್ಲಿ, ಆಮೇಲೆ ಎತ್ತರದಲ್ಲಿ ಅದನ್ನು ಆರಿಸಿ, ಇಳಿಸುವಾಗ ಮಾತ್ರ ಹಾಕಿಕೊಳ್ಳಿ. ಗೈರೊ ಸಿಜಿ ತಪ್ಪನ್ನು ಮುಚ್ಚಿಡುತ್ತದೆ, ತಿದ್ದುವುದಿಲ್ಲ.

ಸೆಕೆಂಡ್ ಹ್ಯಾಂಡ್ ರೇಡಿಯೊ ಸಿಕ್ಕಿದೆ, ಥ್ರಾಟಲ್ ಬಲಗೈಗಿದೆ. ತೊಂದರೆಯೆ?
*ಓದುಗರು, ಬೆಳಗಾವಿ*

ಅದು ಮೋಡ್ 1. ನಮ್ಮಲ್ಲಿ ಹೆಚ್ಚಿನವರು ಹಾರಿಸುವುದು ಮೋಡ್ 2, ಥ್ರಾಟಲ್ ಎಡಗೈಗೆ. ಎರಡರಲ್ಲಿ ಮೇಲು ಕೀಳಿಲ್ಲ, ಆದರೆ ನಿಮಗೆ ಕಲಿಸುವವರ ಕೈಗೆ ಯಾವುದು ಒಗ್ಗಿದೆಯೋ ಅದೇ ಇರಬೇಕು. ವಿಮಾನ ತಪ್ಪಿದಾಗ ರೇಡಿಯೊ ಅವರ ಕೈಗೆ ಹೋಗುತ್ತದೆ.

ಹಾರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಮಾತು ಕೇಳದೆ ದೂರ ಹೋಗಿ ಬಿತ್ತು. ಬ್ಯಾಟರಿ ತುಂಬಿತ್ತು. ಏನಾಗಿರಬಹುದು?
*ಓದುಗರು, ಮಂಗಳೂರು*

ಎರಡು ಶಂಕೆ. ಮೊದಲನೆಯದು, ಇಎಸ್‌ಸಿ ಒಳಗಿನ ಬಿಇಸಿ. ವಿಮಾನದಲ್ಲಿ ಸಂಕೇತ ಹಿಡಿಯುವ ರಿಸೀವರ್‌ಗೂ ಸರ್ವೊಗಳಿಗೂ 5 ವೋಲ್ಟ್ ಕೊಡುವುದು ಅದೇ. ಒಂದು ಸರ್ವೊ ಸಿಕ್ಕಿಹಾಕಿಕೊಂಡು ಗುಂಯ್‌ಗುಡುತ್ತಿದ್ದರೆ ಬಿಇಸಿ ಕಾದು ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಕ್ಷಣಕಾಲ ಸತ್ತು ಬದುಕುತ್ತದೆ. ಹಾರಿಸುವ ಮುಂಚೆ ಎಲ್ಲ ಸರ್ವೊಗಳನ್ನು ಒಂದು ನಿಮಿಷ ಆಡಿಸಿ, ಸ್ಟಿಕ್ ನಡುವಿಗಿದ್ದಾಗ ಯಾವುದೂ ಗುಂಯ್ ಎನ್ನಬಾರದು.

ಎರಡನೆಯದು ಆಂಟೆನಾ. ರಿಸೀವರ್‌ನ ತಂತಿಯ ತುದಿ ಬ್ಯಾಟರಿಯ ಅಡಿ ಸಿಕ್ಕಿಕೊಂಡಿರಬಾರದು. ಎರಡು ತಂತಿಗಳಿದ್ದರೆ ಒಂದಕ್ಕೊಂದು ಲಂಬವಾಗಿರಲಿ. ರೇಡಿಯೊದ ಆಂಟೆನಾ ತುದಿಯನ್ನು ವಿಮಾನದತ್ತ ಗುರಿಯಿಟ್ಟಂತೆ ಹಿಡಿಯಬೇಡಿ, ಅಲೆಗಳು ತುದಿಯಿಂದಲ್ಲ, ಬದಿಗಳಿಂದ ಹರಡುತ್ತವೆ. ರೇಡಿಯೊದಲ್ಲಿ ಸಂಕೇತದ ಬಲ ತಗ್ಗಿಸುವ ರೇಂಜ್ ಟೆಸ್ಟ್ ಆಯ್ಕೆ ಒತ್ತಿ 30 ಹೆಜ್ಜೆ ನಡೆದು, ಅಲ್ಲಿಂದಲೂ ಎಲ್ಲ ಆಡುತ್ತಿದೆಯೆ ನೋಡಿ.

ಇನ್ನು ಫೇಲ್‌ಸೇಫ್. ಸಂಕೇತ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಬರುವಂತೆ ಹೊಂದಿಸಿ. ಪರೀಕ್ಷೆಗೆ ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟರ್ ತಿರುಗುತ್ತಿರುವಾಗ ರೇಡಿಯೊ ಆರಿಸಿ, ಮೋಟರ್ ನಿಲ್ಲಬೇಕು. ಈ ಪರೀಕ್ಷೆಯ ಹೊರತು ಉಳಿದಾಗಲೆಲ್ಲ ಈ ಕ್ರಮ ತಪ್ಪಿಸಬೇಡಿ: ಮೊದಲು ರೇಡಿಯೊ ಹಾಕಿ ಆಮೇಲೆ ಬ್ಯಾಟರಿ ಜೋಡಿಸುವುದು, ಮುಗಿದಾಗ ಮೊದಲು ಬ್ಯಾಟರಿ ಕಳಚಿ ಆಮೇಲೆ ರೇಡಿಯೊ ಆರಿಸುವುದು.

ಥರ್ಮೋಕೋಲ್ ರೆಕ್ಕೆ ಮುರಿದಿತ್ತು. ಫೆವಿಕ್ವಿಕ್ ಹಾಕಿದೆ, ಕರಗಿ ತೂತಾಯಿತು.
*ಪಿಯುಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು*

ಥರ್ಮೋಕೋಲ್‌ಗೆ ಅದು ವಿಷ. ಅರಾಲ್ಡೈಟ್‌ನಂಥ ಎಪಾಕ್ಸಿ ತೆಳುವಾಗಿ ಬಳಿದು, ಸೀಳಿನ ಎರಡೂ ಕಡೆಗೆ ಟೂತ್‌ಪಿಕ್ ಚುಚ್ಚಿ ಜೋಡಿಸಿ, ಅಂಟಿನ ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಬಿಳಿ ಫೆವಿಕಾಲ್ ಕೂಡ ಆಗುತ್ತದೆ, ಆದರೆ ಒಳಗೆ ಒಣಗಲು ಒಂದು ದಿನ ಹಿಡಿಯುತ್ತದೆ. ಇಪಿಒ ಫೋಮ್ ಆದರೆ ಫೆವಿಕ್ವಿಕ್ ತಡೆದುಕೊಳ್ಳುತ್ತದೆ. ಇಪಿಒ ಮೂತಿ ಜಜ್ಜಿಹೋಗಿದ್ದರೆ ಒಳಗಿನ ವಿದ್ಯುತ್ ಭಾಗಗಳನ್ನು ತೆಗೆದು, ಕುದಿಯುವ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿಯಿರಿ. ಒತ್ತಿಹೋದ ಮಣಿಗಳು ಮತ್ತೆ ಉಬ್ಬಿ ಬಹುಪಾಲು ಹಳೆಯ ಆಕಾರಕ್ಕೆ ಬರುತ್ತವೆ. ಥರ್ಮೋಕೋಲ್‌ಗೆ ಇದನ್ನು ಮಾಡಬೇಡಿ.

ರಿಪೇರಿ ಒಣಗಿದ ಮೇಲೆ ಸಿಜಿಯನ್ನು ಬೆರಳ ಮೇಲೆ ಇನ್ನೊಮ್ಮೆ ನೋಡಿ, ಬಾಲ ಕೂಡ ಮುರಿದಿದ್ದರಂತೂ ತಪ್ಪದೆ. ನಾಲ್ಕು ಸಲ ಅಂಟಿಸಿದ ಬಾಲ 15 ಗ್ರಾಂ ಹೆಚ್ಚಿರಬಹುದು. ಅದು ಸಿಜಿಯಿಂದ 60 ಸೆಂ.ಮೀ. ಹಿಂದಿದ್ದರೆ, 20 ಸೆಂ.ಮೀ. ಮುಂದಿರುವ ಮೂತಿಯಲ್ಲಿ 45 ಗ್ರಾಂ ಇಟ್ಟು ಸರಿತೂಗಿಸಬೇಕಾಗುತ್ತದೆ.